ಅಣ್ಣನ ಮನೆ ಮುಟ್ಟುವ ಪಾತ್ರೆ

ನಮ್ಮೂರಿನಲ್ಲಿ ಪಾತ್ರೆ ಕೊಳ್ಳಲು ಹೋದವರು ಎಷ್ಟು ಸೇರಿನದು, ಎಷ್ಟು ಪಡಿಯದು ಅಂತ ಕೇಳುವುದಿಲ್ಲ. ಎಷ್ಟು ಜನದ್ದು ಅಂತ ಕೇಳುತ್ತಾರೆ. ನಾಲ್ಕು ಜನದ ಪಾತ್ರೆ ಒಲೆಗೇರಿಸಿದರೆ ನಾಲ್ಕು ಜನ ಊಟಕ್ಕೆ ಕೂರುತ್ತಾರೆ. ಮೂರೂ ಅಲ್ಲ, ಐದೂ ಅಲ್ಲ. ಮನೆಯಲ್ಲಿ ಇಬ್ಬರೇ ಇದ್ದರೆ ಉಳಿದಿಬ್ಬರು ಹೊರಗಿನಿಂದ ಬರುತ್ತಾರೆ. ಎಲ್ಲಿಗೋ ಹೊರಟವರ ಕಾಲು ನಮ್ಮ ಮನೆಯ ಕಡೆ ತಿರುಗುತ್ತದೆ, ಅಷ್ಟೆ. ಮೊದಲು ಪಕ್ಕದ ಮನೆಯವರ ಕಾಲು, ಆಮೇಲೆ ಅದರ ಪಕ್ಕದವರದು, ಹೀಗೆ ಹತ್ತಿರದಿಂದ ದೂರಕ್ಕೆ. ಲೆಕ್ಕ ತುಂಬಿತೋ, ಆಮೇಲೆ ಎಂಥ ನೆಂಟನೇ ಬರಲಿ, ಬೀದಿಯ ತಿರುವಿನಲ್ಲೇ ಅವನ ಕಾಲು ಹಿಂದಕ್ಕೆ ತಿರುಗುತ್ತದೆ.

ಇದಕ್ಕೆ ಊರು ಎಂದೋ ಒಗ್ಗಿಹೋಗಿದೆ. ಹೊಸದಾಗಿ ಮದುವೆಯಾದವರು ಒಂದಷ್ಟು ಕಾಲ ಇಬ್ಬರ ಪಾತ್ರೆ ಬಿಟ್ಟು ಬೇರೆಯದನ್ನು ಅಟ್ಟದಿಂದ ಇಳಿಸುವುದಿಲ್ಲ. ಚುನಾವಣೆಗೆ ನಿಂತವರ ಮನೆಯಲ್ಲಿ ಕೊಪ್ಪರಿಗೆ ಹೊರಗೆ ಬರುತ್ತದೆ, ಗೆದ್ದ ಮೇಲೆ ಒಳಗೆ ಹೋಗುತ್ತದೆ. ನಮ್ಮ ಬೀದಿಯ ಡ್ರಾಯಿಂಗ್ ಮೇಷ್ಟ್ರು ಹೆಂಡತಿ ತೀರಿಕೊಂಡ ಮೇಲೂ ಇಬ್ಬರ ಪಾತ್ರೆಯಲ್ಲೇ ಅನ್ನ ಮಾಡುತ್ತಾರೆ. ಅಕ್ಕಪಕ್ಕದವರಲ್ಲಿ ಯಾರಾದರೊಬ್ಬರು ಬಂದು ಎದುರಿಗೆ ಕೂರುತ್ತಾರೆ, ಮೇಷ್ಟ್ರು ಅವರಿಗೆ ಸಾಕು ಸಾಕು ಅಂದರೂ ಬಿಡದೆ ತುಪ್ಪ ಬಡಿಸುತ್ತಾರೆ. ಬಾಯಿಬಿಟ್ಟು ಊಟಕ್ಕೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಕರೆದರೆ ನನ್ನ ಪಾತ್ರೆಗೆ ನಿನ್ನನ್ನು ಮುಟ್ಟುವ ಯೋಗ್ಯತೆಯಿಲ್ಲ ಅಂತ ಒಪ್ಪಿಕೊಂಡ ಹಾಗೆ. ಅದಕ್ಕಿಂತ ದೊಡ್ಡ ಅವಮಾನ ಒಂದೇ, "ಅವರ ಮನೇಲಿ ನನಗೆ ಸಣ್ಣ ಪಾತ್ರೆ ಇಟ್ರು" ಅನ್ನಿಸಿಕೊಳ್ಳುವುದು.

ನಾನು ದರ್ಜಿ. ದಿನವೆಲ್ಲ ಜನರ ಜೊತೆ ಒಡನಾಟ, ಅವರ ಎದೆಯ ಸುತ್ತಳತೆ, ತೋಳಿನ ಉದ್ದ, ಜೊತೆಗೆ ಅವರ ಮನೆಯ ರಾಮಾಯಣ. ಮಧ್ಯಾಹ್ನ ಊಟಕ್ಕೆ ಕೂತಾಗಲಾದರೂ ಕಿವಿಗೆ ಬಿಡುವು ಬೇಕು. ಹಾಗಾಗಿ ಇಬ್ಬರ ಪಾತ್ರೆಯೇ ನನಗೆ ಸ್ವರ್ಗ. ನನ್ನ ಹೆಂಡತಿ ದಾಕ್ಷಾಯಿಣಿ ಹಾಗಲ್ಲ. ಅವಳಿಗೆ ಮನೆ ತುಂಬ ಜನ ಬೇಕು. ಆದರೂ ನನ್ನ ಮುಖ ನೋಡಿ ವರ್ಷಗಟ್ಟಲೆ ಇಬ್ಬರ ಪಾತ್ರೆಯಲ್ಲೇ ಸಂಸಾರ ತೂಗಿಸಿಕೊಂಡು ಬಂದಳು.

ಅವಳ ಕೊರಗು ಬೇರೆಯೇ ಇತ್ತು. ಅವಳ ಅಣ್ಣ ಷಡಕ್ಷರಿ ಅದೇ ಊರಿನಲ್ಲಿ, ಕೆರೆ ಏರಿಯ ಪಕ್ಕದ ಕೊನೆಯ ಮನೆಯಲ್ಲಿದ್ದ. ಒಂದು ಗೌರಿ ಹಬ್ಬದಲ್ಲಿ ತಂಗಿಗೆ ಬಾಗಿನ ಹಿಡಿದು ಹೆಂಡತಿಯ ಜೊತೆ ಹೊರಟಿದ್ದ. ದಾಕ್ಷಿ ಹಬ್ಬದ ದಿನ ಇರಲಿ ಅಂತ ಆರು ಜನದ ಪಾತ್ರೆಯನ್ನೇ ಇಟ್ಟಿದ್ದಳು. ಪಕ್ಕದ ಮನೆಗೆ ಬೆಳಗಿನ ಬಸ್ಸಿಗೆ ಬೀಗರು ಬಂದಿಳಿದಿದ್ದು ನಮಗೆ ಗೊತ್ತಿರಲಿಲ್ಲ. ಅವರೇ ಬಂದು ಕೂತು ಲೆಕ್ಕ ತುಂಬಿಬಿಟ್ಟರು. ಅಣ್ಣ ಬಾಗಿನದ ಮೊರ ಹಿಡಿದುಕೊಂಡು ನಮ್ಮ ಬೀದಿಯ ತಿರುವಿಗೆ ಬಂದವನು ಊರವರ ಕಣ್ಣೆದುರಿಗೇ ಗಿರಕಿ ಹೊಡೆದು ವಾಪಸು ನಡೆದ. ಅವತ್ತಿನಿಂದ "ನನ್ನ ತಂಗಿ ನನಗೆ ಸಣ್ಣ ಪಾತ್ರೆ ಇಟ್ಲು" ಅನ್ನುವುದೊಂದೇ ಅವನ ಮಾತು. ತಾನೂ ಇಬ್ಬರ ಪಾತ್ರೆ ಬಿಟ್ಟು ದೊಡ್ಡದು ಇಡಲಿಲ್ಲ. ದಾಕ್ಷಿ ಎಷ್ಟೋ ಸಲ ಅವನ ಮನೆಗೆ ಹೊರಟು ಕೆರೆ ಏರಿಯ ಹತ್ತಿರ ಕಾಲು ತಿರುಗಿ ಮನೆಗೆ ಬಂದು ಅತ್ತಳು. ಬೀದಿಯಲ್ಲಿ ಎದುರಾದರೆ ಅವನು ತನ್ನ ಚಪ್ಪಲಿ ನೋಡಿಕೊಂಡು ದಾಟಿ ಹೋಗುತ್ತಿದ್ದ.

ಈ ಸಲದ ಮಾಗಿಯಲ್ಲಿ ಒಂದು ಸುದ್ದಿ ಬಂತು. ಷಡಕ್ಷರಿ ಊರ ಗಡಿಕಲ್ಲಿನ ಆಚೆ ತೋಟದಲ್ಲಿ ಮನೆ ಕಟ್ಟಿಸಿದ್ದಾನೆ, ಅಮಾವಾಸ್ಯೆ ಕಳೆಯುತ್ತಲೇ ಗಂಡ ಹೆಂಡತಿ ಅಲ್ಲಿಗೇ ಹೋಗುತ್ತಾರೆ. ಗಡಿಕಲ್ಲಿನ ಆಚೆಗೆ ಯಾವ ಪಾತ್ರೆಯೂ ಮುಟ್ಟುವುದಿಲ್ಲ. ಕೊಪ್ಪರಿಗೆ ಇಟ್ಟರೂ ಅಷ್ಟೇ, ಹಂಡೆ ಇಟ್ಟರೂ ಅಷ್ಟೇ.

ಸುದ್ದಿ ಕೇಳಿದ ಮರುದಿನ ಬೆಳಗ್ಗೆ ದಾಕ್ಷಿ ನಮ್ಮ ಮನೆಯಿಂದ ಕೆರೆ ಏರಿಯವರೆಗೆ ಒಂದೊಂದು ಬಾಗಿಲಲ್ಲೂ ನಿಂತು, ನಮ್ಮ ಬೆಕ್ಕು ಈ ಕಡೆ ಬಂತಾ ಅಂತ ಕೇಳಿಕೊಂಡು ಹೋದಳು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಅವಳು ಎಣಿಸುತ್ತಿದ್ದದ್ದು ತಲೆಗಳನ್ನು. ವಾಪಸು ಬಂದವಳು ನನ್ನ ಹೊಲಿಗೆ ಮೆಷಿನ್ನಿನ ಮುಂದೆ ನಿಂತು, "ರೀ, ನೂರರ ಮೇಲಾಗುತ್ತೆ. ಒಂದು ದೊಡ್ಡ ಪಾತ್ರೆ ತಗೋಬೇಕು" ಅಂದಳು.

"ಇಬ್ಬರಿಗೋಸ್ಕರ ಊರಿಗೆಲ್ಲ ಊಟ ಹಾಕ್ತೀಯಾ?"

"ಮಧ್ಯದಲ್ಲಿರೋರಿಗೆಲ್ಲ ಹಾಕಿದ್ರೆ ತಾನೆ ಅವನಿಗೆ ಮುಟ್ಟೋದು? ಹೋಗೋಕೆ ಮುಂಚೆ ಒಂದು ಸಲ ನಮ್ಮನೇಲಿ ಅವನು ಉಣ್ಣಬೇಕು ಕಣ್ರಿ. ಅಷ್ಟೇ ನಾನು ಕೇಳೋದು."

"ಎರಡು ಪಾತ್ರೆ ಇಟ್ಟರೆ?"

"ಎರಡನೇದರ ಲೆಕ್ಕ ಮತ್ತೆ ಪಕ್ಕದ ಮನೆಯಿಂದಲೇ ಶುರುವಾಗಲ್ವಾ? ಅವರೇ ಎರಡೆರಡು ಸಲ ಉಂಡು ಹೋಗ್ತಾರೆ. ಒಂದೇ ಆಗಬೇಕು, ದೊಡ್ಡದಾಗಬೇಕು." ಆಮೇಲೆ ಅವಳು ನನ್ನ ಮುಖ ನೋಡಲಿಲ್ಲ, ಸೀದಾ ಚಪ್ಪಲಿ ಮೆಟ್ಟಿದಳು. ಅಲ್ಲಿಗೆ ತೀರ್ಮಾನವಾಯಿತು ಅಂತ ನನಗೂ ಗೊತ್ತು. ಹೊರಡುವ ಮುಂಚೆ ಅಡಿಗೆಮನೆ ಬಾಗಿಲಿಗೆ ಟೇಪು ಹಿಡಿದು ಅಗಲ ನೋಡಿಕೊಂಡೆ. ಅಳತೆಯಿಲ್ಲದೆ ನಾನು ಕೆಲಸಕ್ಕೆ ಕೈ ಹಾಕುವವನಲ್ಲ.

ಪಾತ್ರೆ ಅಂಗಡಿ ಚೌಡಮ್ಮನದು. ಊರಿನ ಯಾವ ಮನೆಯಲ್ಲಿ ಎಷ್ಟು ಜನದ ಪಾತ್ರೆಗಳಿವೆ ಅನ್ನುವುದು ಅವಳಿಗೆ ಬಾಯಿಪಾಠ, ಅದರಿಂದಲೇ ಯಾರ ಮನೆಯಲ್ಲಿ ಎಷ್ಟು ಪ್ರೀತಿ, ಎಷ್ಟು ಜಿಪುಣತನ ಅಂತ ಲೆಕ್ಕ ಹಾಕಿಟ್ಟಿದ್ದಾಳೆ. ನನ್ನನ್ನು ನೋಡುತ್ತಲೇ, "ಏನ್ ರೇವಣ್ಣೋರೆ, ದಾರಿ ತಪ್ಪಿ ಬಂದ್ರಾ? ನಿಮ್ಮನೆ ಇಬ್ರ ಪಾತ್ರೆ ಇನ್ನೂ ಸವೆದಿಲ್ವಲ್ಲ" ಅಂದಳು.

"ದೊಡ್ಡದು ಬೇಕು ಚೌಡಮ್ಮ" ಅಂದಳು ದಾಕ್ಷಿ.

"ಎಷ್ಟು ಜನದ್ದು ತಾಯಿ?"

"ಕೆರೆ ಏರಿ ಪಕ್ಕದ ಮನೆಗೆ ಮುಟ್ಟಬೇಕು."

ಚೌಡಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ಆಮೇಲೆ ಕೀಟಲೆ ಮಾಡಲಿಲ್ಲ. "ಏನು ಅಡಿಗೆ ಮಾಡ್ತೀಯ?" ಅಂತ ಕೇಳಿದಳು.

"ಬಿಸಿಬೇಳೆ ಭಾತು. ಅಣ್ಣನಿಗೆ ಅದಂದ್ರೆ ಪ್ರಾಣ."

"ಹಂಗಾದ್ರೆ ಹಿತ್ತಾಳೆ ಬ್ಯಾಡ. ಹುಣಸೆಹುಳಿ ಬೀಳೋ ಅಡಿಗೆ, ಕಲಾಯಿ ಇಲ್ದೆ ಆಗಲ್ಲ. ಕಲಾಯಿಯೋನು ಸಂಕ್ರಾಂತಿವರ್ಗೂ ಈ ಕಡೆ ತಲೆ ಹಾಕಲ್ಲ. ಸ್ಟೀಲು ತಗೋ" ಅನ್ನುತ್ತ ನಮ್ಮನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಸಾಲಾಗಿ ದೊಡ್ಡ ಸ್ಟೀಲ್ ಪಾತ್ರೆಗಳನ್ನು ಬೋರಲು ಹಾಕಿದ್ದರು.

ಮೊದಲನೆಯದು ಎತ್ತರವಾಗಿ, ತೆಳ್ಳಗೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನಗೆ ಅದೇ ಹಿಡಿಸಿತು, ಹಗುರ ಬೇರೆ. ದಾಕ್ಷಿ ಬೆರಳ ಗೆಣ್ಣಿನಿಂದ ತಟ್ಟಿದಳು. ಠಣ್ ಅಂದದ್ದು ತುಂಬ ಹೊತ್ತು ನಿಲ್ಲಲೇ ಇಲ್ಲ. "ಬರೀ ಸದ್ದು. ಬೇಳೆ ಹಾಕಿ ಆಚೆ ತಿರುಗೋದ್ರೊಳಗೆ ತಳ ಹಿಡಿಯುತ್ತೆ" ಅಂದು ಮುಂದಕ್ಕೆ ಹೋದಳು. ಎರಡನೆಯದನ್ನು ತಟ್ಟಿದರೆ ದಪ್ಪ ದನಿಯಲ್ಲಿ ಒಂದೇ ಸಲ ಹೂಂ ಅಂದು ಸುಮ್ಮನಾಯಿತು. ಮೂರು ಪದರದ ತಳ. ಕಿವಿಗಳನ್ನು ಬೆಸೆದಿದ್ದಲ್ಲ, ದಪ್ಪ ಮೊಳೆ ಬಡಿದು ಕೂರಿಸಿದ್ದರು. ದಾಕ್ಷಿ ಒಂದು ಕಿವಿ ಹಿಡಿದು ನನಗೆ ಇನ್ನೊಂದು ಹಿಡಿಯಲು ಹೇಳಿದಳು. ಎತ್ತಿದೆವು, ಇಳಿಸಿದೆವು, ಮತ್ತೆ ಎತ್ತಿದೆವು. ಮುಚ್ಚಳ ಹಾಕಿ ತೆಗೆದು ನೋಡಿದಳು, ಒಳಗೆ ಕೈ ಬಿಟ್ಟು ಮೂಲೆಯಲ್ಲಿ ಅಂಟು ಉಳಿಯುತ್ತದಾ ಅಂತ ಸವರಿದಳು. ಮೊಮ್ಮಗಳಿಗೆ ಗಂಡು ನೋಡಲು ಬಂದ ಅಜ್ಜಿ ಕೂಡ ಅಷ್ಟು ಹುಷಾರಾಗಿ ನೋಡುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದರೊಳಗೆ ನಾನೇ ಚಕ್ಕಳಮಕ್ಕಳ ಹಾಕಿ ಕೂರಬಹುದಿತ್ತು. ದಾಕ್ಷಿಯ ಕಣ್ಣು ಅದರ ಮೇಲೇ ನೆಟ್ಟಿತು. ನಾನು ಟೇಪು ತೆಗೆದು ಅದರ ಸೊಂಟಕ್ಕೆ ಹಿಡಿದೆ. "ಬಾಗಿಲು ದಾಟಲ್ಲ" ಅಂದೆ.

"ಹಿತ್ತಲಲ್ಲಿ ಒಲೆ ಹೂಡಿದ್ರೆ?"

"ಹಿತ್ತಲಲ್ಲಿ ಇಟ್ರೆ ಹಿಂದಿನ ಬೀದಿಯೋರು ಹತ್ತಿರ ಆಗ್ತಾರೆ ತಾಯಿ" ಅಂದಳು ಚೌಡಮ್ಮ. "ಅವರು ಒಂದೊಂದು ಮನೇಲೂ ದಂಡು ದಂಡು ಇದಾರೆ. ನಿಮ್ಮಣ್ಣನವರ್ಗೂ ಹೋಗೋದೇ ಇಲ್ಲ ಅದು."

ಹಾಗಾಗಿ ಎರಡನೆಯದೇ ಉಳಿಯಿತು. ಇನ್ನು ಅದು ಎಷ್ಟು ಜನದ್ದು ಅಂತ ತಿಳಿಯಬೇಕು. ನಮ್ಮೂರಿನ ಕಂಚುಗಾರರು ಮಾಡಿದ ಪಾತ್ರೆಯಾದರೆ ಕಿವಿಯ ಕೆಳಗೆ ಚುಕ್ಕೆ ಹೊಡೆದಿರುತ್ತಾರೆ, ಒಂದು ಚುಕ್ಕೆಗೆ ಇಷ್ಟು ಜನ ಅಂತ. ಸ್ಟೀಲು ಬರುವುದು ಹೊರಗಿನಿಂದ. ಅದರ ತಳದಲ್ಲಿ ಲೀಟರು ಮಾತ್ರ ಅಚ್ಚಾಗಿತ್ತು. ಚೌಡಮ್ಮ ಒಬ್ಬರಿಗೆ ಅರ್ಧ ಲೀಟರು ಅಂತ ಬೆರಳು ಮಡಚುತ್ತ ಕೂತಳು. ನಾನು ಅವಳನ್ನು ತಡೆದು, ಲೆಕ್ಕ ನನ್ನ ಕಸುಬು ಅಂತ ಮನಸ್ಸಿನಲ್ಲೇ ಭಾಗಿಸಿದೆ. ದಾಕ್ಷಿ ಎಣಿಸಿ ತಂದ ತಲೆಗಳನ್ನು ಅದಕ್ಕೆ ಹೊಂದಿಸಿದೆ. ಷಡಕ್ಷರಿ ಮತ್ತು ಅವನ ಹೆಂಡತಿಯವರೆಗೂ ಸರಿಯಾಗಿ ಮುಟ್ಟುತ್ತಿತ್ತು. "ಹೇಳಿ ಮಾಡಿಸಿದ ಹಾಗಿದೆ" ಅಂದೆ. ದಾಕ್ಷಿ ಅಂಗಡಿಯಲ್ಲೇ ನನ್ನ ತೋಳು ಹಿಡಿದುಕೊಂಡಳು. ಚೌಡಮ್ಮನ ಎದುರಿಗೆ ಅವಳು ಹಾಗೆ ಮಾಡಿದ್ದಕ್ಕೆ ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಪಾತ್ರೆಯನ್ನು ಗಾಡಿಯಲ್ಲಿಟ್ಟುಕೊಂಡು ಬರುವಾಗ ಬೀದಿಯೇ ಬಾಗಿಲಿಗೆ ಬಂತು. ಅಷ್ಟು ದೊಡ್ಡ ಪಾತ್ರೆ ಯಾರ ಮನೆಗೆ ಹೋಗುತ್ತದೆ ಅಂತ ನೋಡುವುದು, ತಮ್ಮ ಮನೆಯವರೆಗೆ ಬರುತ್ತದಾ ಅಂತ ಲೆಕ್ಕ ಹಾಕುವುದು ನಮ್ಮವರ ರೂಢಿ. ಬಂದರೆ ಅವತ್ತು ಒಲೆ ಹಚ್ಚುವ ಕೆಲಸವಿಲ್ಲ. ಸುದ್ದಿ ಕೆರೆ ಏರಿಗೂ ಹೋಯಿತು ಅನ್ನುವುದರಲ್ಲಿ ಸಂಶಯವಿರಲಿಲ್ಲ. ಯಾರಿಗಾಗಿ ಅನ್ನುವುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾನುವಾರ ಬೆಳಗ್ಗೆ ದಾಕ್ಷಿ ಒಲೆ ಹಚ್ಚಿದಳು. ಬೇಳೆ ಬೆಂದಿತು, ಹುರುಳಿಕಾಯಿ, ಗಜ್ಜರಿ, ನವಿಲುಕೋಸು ಬಿದ್ದವು, ಹುಣಸೆರಸ ಬಿತ್ತು. ಕೊಬ್ಬರಿ, ಚಕ್ಕೆ, ಮರಾಠಿ ಮೊಗ್ಗು ಹುರಿದ ಘಮ ಮನೆ ತುಂಬಿತು. ತಳ ಹಿಡಿಯುವ ಮಾತೇ ಇಲ್ಲ, ಪಾತ್ರೆ ಬಂಗಾರದಂಥದು. ನಾನು ಅಕ್ಕಿ ಸುರಿಯುತ್ತ ಹೋದೆ, ಅವಳು ಉದ್ದನೆಯ ಸಟ್ಟುಗದಲ್ಲಿ ತಿರುವುತ್ತ ಹೋದಳು. ಒಂದು ಹಂತದಲ್ಲಿ ಅವಳು ನನ್ನ ಕೈ ತಡೆದಳು. "ಸಾಕು ನಿಲ್ಲಿಸಿ. ಇನ್ನು ಹಾಕಿದ್ರೆ ಉಕ್ಕುತ್ತೆ, ತಿರುವೋಕೂ ಜಾಗ ಇರಲ್ಲ."

ನಾನು ಪಾತ್ರೆ ನೋಡಿದೆ, ಮೊರದಲ್ಲಿ ಉಳಿದಿದ್ದ ಅಕ್ಕಿ ನೋಡಿದೆ. ನಮ್ಮ ಕಂಚುಗಾರರು ಚುಕ್ಕೆ ಹೊಡೆಯುವುದು ಪಾತ್ರೆಯ ಕಂಠದ ಮಟ್ಟಕ್ಕೆ. ಕುದಿಯಲು, ತಿರುವಲು ಮೇಲೆ ಜಾಗ ಬಿಟ್ಟೇ ಅವರ ಲೆಕ್ಕ. ಹೊರಗಿನವರು ಲೀಟರು ಒತ್ತುವುದು ಬಾಯಿಮಟ್ಟಕ್ಕೆ. ಇಡೀ ಊರಿನ ಕತ್ತಿನ ಅಳತೆ ತೆಗೆದವನು ಪಾತ್ರೆಯ ಕತ್ತನ್ನು ಮರೆತುಬಿಟ್ಟಿದ್ದೆ. ದಾಕ್ಷಿಗೂ ಅರ್ಥವಾಯಿತು. ಅವಳ ಮುಖ ಸಣ್ಣದಾಯಿತು. ಆದರೂ "ನೋಡೋಣ, ಯಾರಾದ್ರೂ ಊರಲ್ಲಿ ಇಲ್ದೇನೂ ಇರಬಹುದು" ಅಂದು ಸಟ್ಟುಗ ಆಡಿಸುತ್ತಲೇ ಇದ್ದಳು. ನಾನು ಉಳಿದ ಅಕ್ಕಿಯ ಮೊರವನ್ನು ಮೂಲೆಗೆ ಸರಿಸಿದೆ.

ಜನ ಬಂದರು. ಪಕ್ಕದ ಮನೆಯವರು, ಅವರ ಪಕ್ಕದವರು, ಡ್ರಾಯಿಂಗ್ ಮೇಷ್ಟ್ರು, ಹಾಲಿನ ಡೈರಿಯವರು, ಎದುರು ಸಾಲಿನ ಬಾಣಂತಿ ಮಗುವನ್ನೆತ್ತಿಕೊಂಡು. ಪಡಸಾಲೆ ತುಂಬಿ, ಜಗುಲಿ ತುಂಬಿ, ಅಂಗಳದಲ್ಲಿ ಎಲೆ ಹಾಕಿದೆವು. ಮಾತು ಬೇಡದ ನಾನು ಬಡಿಸುತ್ತ ಬಡಿಸುತ್ತ ಎಲ್ಲರ ಹತ್ತಿರವೂ ಮಾತಾಡಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿಯೇ ಇತ್ತು. ಎರಡನೇ ಸಲ ಹಾಕಿಸಿಕೊಳ್ಳದವರು ಒಬ್ಬರೂ ಇರಲಿಲ್ಲ. ದಾಕ್ಷಿ ಮಾತ್ರ ಪ್ರತಿ ಸಲ ಗೇಟು ಸದ್ದಾದಾಗ ಸೌಟು ಹಿಡಿದೇ ತಲೆ ಎತ್ತುತ್ತಿದ್ದಳು.

ಕೊನೆಗೆ ಬಂದವನು ಮರಿಸ್ವಾಮಿ. ಷಡಕ್ಷರಿಯ ಗೋಡೆಗೆ ಗೋಡೆ ತಾಗಿದ ಮನೆಯವನು. ಒಬ್ಬನೇ ಬಂದ. "ನನ್ ಹೆಂಡ್ತಿನೂ ಹೊಸ್ತಿಲು ದಾಟಿದ್ಲು ಕಣಕ್ಕ, ಕಾಲೇ ಬರಲಿಲ್ಲ. ಮನೆಗೆ ಒಂದಿಷ್ಟು ಕಟ್ಟಿಕೊಟ್ಬಿಡಿ" ಅಂದು ಎಲೆಯ ಮುಂದೆ ಕೂತ. ಅಲ್ಲಿಗೆ ಲೆಕ್ಕ ತುಂಬಿತು.

ದಾಕ್ಷಿ ಅವನಿಗೆ ಬಡಿಸಿದಳು. ಬಡಿಸುತ್ತ ತಗ್ಗಿದ ದನಿಯಲ್ಲಿ, "ಅಣ್ಣ ಮನೇಲಿದ್ದನಾ?" ಅಂತ ಕೇಳಿದಳು.

"ಇದ್ರು. ಬೆಳಗ್ಗಿಂದ ಅವರ ಮನೇಲಿ ಒಲೆ ಹಚ್ಚಿಲ್ಲ. ಇಸ್ತ್ರಿ ಪಂಚೆ ಉಟ್ಕೊಂಡು ಗಂಡ ಹೆಂಡ್ತಿ ಜಗುಲಿ ಮೇಲೆ ಕೂತಿದ್ರು." ಮರಿಸ್ವಾಮಿ ತುತ್ತು ಎತ್ತಿದವನು ಹಾಗೇ ಇಳಿಸಿದ. "ಹೇಳಬಾರದಿತ್ತೇನೋ" ಅಂದ.

"ಇರ್ಲಿ ಉಣ್ಣಪ್ಪ" ಅಂದಳು ದಾಕ್ಷಿ. ಬಾಳೆಎಲೆಗೆ ಅವನ ಹೆಂಡತಿಯ ಪಾಲು ಕಟ್ಟಲು ನೋಡಿದರೆ ಪಾತ್ರೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. ನಮ್ಮೂರಿನ ಪಾತ್ರೆಗಳು ಹಾಗೆಯೇ, ಕಟ್ಟಿಕೊಡಲು ಬಿಡುವುದಿಲ್ಲ.

ಎಲ್ಲರೂ ಕೈ ತೊಳೆದು, ಹೊಟ್ಟೆ ಸವರಿಕೊಂಡು, ಹೊಗಳಿ ಹೋದರು. ನಾವಿಬ್ಬರೂ ಪಾತ್ರೆಯನ್ನು ಹಿತ್ತಲಿಗೆ ತಂದು ತೊಳೆದೆವು. ದಾಕ್ಷಿ ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಾರು ಹಿಡಿದು ಉಜ್ಜುತ್ತ, "ಅಷ್ಟು ಜನ ಖುಷಿಯಿಂದ ಉಂಡರಲ್ಲ, ಅದೇನು ಕಮ್ಮೀನಾ" ಅಂದಳು. ಅದು ನಿಜವೇ. ಆದರೆ ಅವಳ ಉಜ್ಜುವ ಕೈ ಒಂದೇ ಕಡೆ ಉಜ್ಜುತ್ತಿತ್ತು. ಪಾತ್ರೆಯನ್ನು ಬಿಸಿಲಿಗೆ ಬೋರಲು ಹಾಕಿ ಒಳಗೆ ಬಂದು ಕೂತೆವು. ಒಲೆಯ ಬೂದಿಯೂ ತಣ್ಣಗಾಗಿತ್ತು.

ಆಗ ಗೇಟು ಸದ್ದಾಯಿತು. ಊಟ ಮುಗಿದು ಒಲೆ ಆರಿದ ಮನೆಗೆ ನಮ್ಮೂರಿನಲ್ಲಿ ಯಾರೂ ಹೋಗುವುದಿಲ್ಲ. ಹೋಗಬಾರದು ಅಂತ ಯಾರೂ ಹೇಳಿದ್ದಲ್ಲ, ಹೋಗಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಪಾತ್ರೆಯೇ ಇಲ್ಲದ ಮೇಲೆ ಕಾಲನ್ನು ಕರೆಯುವವರೂ ಇಲ್ಲ, ತಿರುಗಿಸುವವರೂ ಇಲ್ಲ. ಅಷ್ಟು ವರ್ಷ ಕೆರೆ ಏರಿಯವರೆಗೆ ನಡೆದು ಅತ್ತುಕೊಂಡು ಬಂದ ದಾಕ್ಷಿಗೂ ಅದು ಹೊಳೆದಿರಲಿಲ್ಲ. ಬಾಗಿಲಲ್ಲಿ ಷಡಕ್ಷರಿ ನಿಂತಿದ್ದ, ಹಿಂದೆ ಅವನ ಹೆಂಡತಿ. ಅವನ ಇಸ್ತ್ರಿ ಪಂಚೆಯ ಅಂಚು ಧೂಳಾಗಿತ್ತು. ಆಮೇಲೆ ತಿಳಿದದ್ದು, ಮರಿಸ್ವಾಮಿ ಹೊರಟ ಮೇಲೆ ಇವನೂ ಹೊರಟಿದ್ದ. ಬೀದಿಯ ತಿರುವಿನಲ್ಲಿ ಕಾಲು ತಿರುಗಿದಾಗಲೆಲ್ಲ ಒಂದಿಷ್ಟು ದೂರ ಹೋಗಿ ಮತ್ತೆ ಬಂದು, ಮತ್ತೆ ತಿರುಗಿಸಿಕೊಂಡು, ನಮ್ಮ ಪಾತ್ರೆ ಬರಿದಾಗಿ ಒಲೆ ಆರುವವರೆಗೂ ಹಾಗೇ ಓಡಾಡಿದ್ದ.

ದಾಕ್ಷಿ ಎದ್ದು ನಿಂತಳು. "ಅಣ್ಣ" ಅಂದಳು. "ಊಟ ಮುಗಿದೋಯ್ತಲ್ಲಣ್ಣ. ಒಂದು ತುತ್ತೂ ಇಲ್ವಲ್ಲ."

"ಇಲ್ದಿದ್ರೇನಮ್ಮ" ಅಂದ ಷಡಕ್ಷರಿ. "ನಾವು ಉಂಡೇ ಬಂದಿದ್ದೀವಿ."

ಅಂಥ ಮಾತನ್ನು ನಮ್ಮೂರಿನ ಯಾವ ಹೊಸ್ತಿಲೂ ಕೇಳಿರಲಿಲ್ಲ. ದಾಕ್ಷಿ ಅವನನ್ನೇ ನೋಡಿದಳು. ಆಮೇಲೆ ಚಾಪೆ ಹಾಸಿದಳು, ಒಳಗಿನಿಂದ ಬೆಲ್ಲ ನೀರು ತಂದಿಟ್ಟಳು. ಷಡಕ್ಷರಿ ಒಂದು ಅಚ್ಚು ಬೆಲ್ಲವನ್ನು ಮಾತಾಡುತ್ತ ಮಾತಾಡುತ್ತ ಪೂರ್ತಿ ತಿಂದು, ತಂಬಿಗೆ ಎತ್ತಿ ಗಟಗಟ ನೀರು ಕುಡಿದ. ಅತ್ತಿಗೆಯೂ ಚೂರು ಬಿಡದೆ ತಿಂದಳು. ತೋಟದ ಮನೆಯ ವಿಷಯ, ಅಲ್ಲಿನ ಬಾವಿಯ ವಿಷಯ, ಸತ್ತುಹೋದ ಅವರ ಅಮ್ಮನ ವಿಷಯ, ಒಂದಾದ ಮೇಲೊಂದು ಬಂತು. ಅಣ್ಣ ತಂಗಿ ಇಬ್ಬರೂ ಒಂದೇ ಸಲ ಮಾತಾಡುತ್ತಿದ್ದರು, ಇಬ್ಬರಿಗೂ ಕೇಳಿಸುತ್ತಿತ್ತು. ತೋಟಕ್ಕೆ ಯಾವಾಗ ಬರ್ತೀಯ ಅಂತ ಅವನು ಕೇಳಿದ. ನಿಮ್ಮ ಒಲೆ ಆರಿದ ತಕ್ಷಣ ಅಂದಳು ಅವಳು. ನಾಲ್ಕು ಜನರೂ ನಕ್ಕೆವು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಬೆಳಗ್ಗಿಂದ ಹೊಟ್ಟೆಗೆ ಹಾಕಿಕೊಳ್ಳದ ಮನುಷ್ಯ ನನ್ನ ಮನೆಯಲ್ಲಿ ಬೆಲ್ಲ ತಿಂದು ಕೂತಿದ್ದಾನೆ. ಒಂದಿಷ್ಟು ಉಪ್ಪಿಟ್ಟಾದರೂ ಕೆದಕೋಣ ಅಂತ ಮೆಲ್ಲಗೆ ಎದ್ದು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ, ಕಡ್ಡಿಪೆಟ್ಟಿಗೆ ಹುಡುಕಿದೆ. ಹಿಂದೆಯೇ ದಾಕ್ಷಿ ಬಂದಳು. ನನ್ನ ಕೈಯಿಂದ ಕಡ್ಡಿಪೆಟ್ಟಿಗೆ ಕಿತ್ತುಕೊಂಡು ಸೆರಗಿನ ಮರೆಯಲ್ಲಿಟ್ಟುಕೊಂಡಳು.

"ಒಲೆ ಹಚ್ಚಬೇಡಿ ರೀ, ಮತ್ತೆ ಲೆಕ್ಕ ಶುರುವಾಗುತ್ತೆ" ಅಂದಳು. ಅವಳ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. "ಬಂದು ಕೂತ್ಕೊಳ್ಳಿ. ಅಣ್ಣ ಉಂಡು ಬಂದಿದಾನಂತೆ."